ಸಿಡಿಲೂ ಶಿವಾಲಯವೂ

ವೈಶಾಖಮಾಸದಲ್ಲಿ ಬಸವಜಯಂತಿಯ ಉತ್ಸವವು ಮುಗಿದ ಮರುದಿನ ಸಂಜೆ ನಮ್ಮ ಊರಿನ ಮೇಲೆ ಅಡ್ಡಮಳೆಯೊಂದು ಸುರಿಯಿತು. ಮಳೆಗಿಂತ ಗುಡುಗೇ ಹೆಚ್ಚು. ಹಳೆಯ ಶಿವಾಲಯದ ಹಿಂಬದಿಯಲ್ಲಿದ್ದ ತೆಂಗಿನ ಮರಕ್ಕೆ ಸಿಡಿಲು ಬಡಿದು ಅದರ ಸುಳಿಯು ನೋಡನೋಡುತ್ತಿದ್ದಂತೆ ಉರಿದುಹೋಯಿತು. ಆ ಮರಕ್ಕೂ ಗುಡಿಯ ಶಿಖರಕ್ಕೂ ನಡುವೆ ಹತ್ತು ಮಾರಿನಷ್ಟು ಅಂತರವೂ ಇಲ್ಲ. ಮಳೆಗೆ ಹೆದರಿ ಓಡಿಬಂದ ಪಾಠಶಾಲೆಯ ಹನ್ನೊಂದು ಮಂದಿ ಮಕ್ಕಳು ಆ ಹೊತ್ತಿನಲ್ಲಿ ಗುಡಿಯ ಮುಖಮಂಟಪದ ಕಂಬಗಳಿಗೆ ಒರಗಿ ನಿಂತಿದ್ದರು. ಶಿವಕೃಪೆಯಿಂದ ಯಾರಿಗೂ ಕೇಡಾಗಲಿಲ್ಲ.

ಮರುದಿನ ಮಠದ ಪಡಸಾಲೆಯಲ್ಲಿ ದೈವದವರು ಕಲೆತರು. ಗುಡಿಯ ಶಿಖರಕ್ಕೆ ಮಿಂಚುವಾಹಕವನ್ನು ಇಡಿಸಬೇಕೆಂದು ತರುಣರು ಕೆಲವರು ಸೂಚಿಸಿದರು. ಆಗ ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನ ಕಡೆ ತಿರುಗಿ ಕೇಳಿದರು: “ಗುರುಗಳೆ, ಸಿಡಿಲು ಯಾರದು? ಶಿವನದು. ಗುಡಿ ಯಾರದು? ಅದೂ ಶಿವನದೇ. ಶಿವನ ಗುಡಿಯನ್ನು ಶಿವನ ಸಿಡಿಲಿನಿಂದ ಕಾಯಲು ನಾವು ತಾಮ್ರದ ಕಂಬಿ ಹಿಡಿದು ನಿಂತರೆ ನಮ್ಮ ನಂಬಿಗೆ ಎಲ್ಲಿ ಉಳಿಯಿತು?” ಅವರು ಕುಳಿತ ಮೇಲೆ ವಚನಗಳನ್ನು ಚೆನ್ನಾಗಿ ಓದಿಕೊಂಡ ಗೃಹಸ್ಥರೊಬ್ಬರು ಬೇರೊಂದು ಆಕ್ಷೇಪವನ್ನೆತ್ತಿದರು: “ನಿಂತದ್ದು ಒಂದು ದಿನ ಬೀಳಲೇಬೇಕೆಂದು ಅಣ್ಣನವರೇ ತಿಳಿಸಿಕೊಟ್ಟ ಮೇಲೆ, ಬೀಳುವ ಕಲ್ಲಿಗಾಗಿ ನಾವೇಕೆ ಹಣ ಸುರಿಯಬೇಕು? ಆ ಹಣವು ದಾಸೋಹಕ್ಕೆ ಸಲ್ಲಲಿ.”

ಈ ಎರಡೂ ಮಾತುಗಳು ಸುಮ್ಮನೆ ತಳ್ಳಿಹಾಕತಕ್ಕವಲ್ಲ. ಒಂದು ಭಕ್ತಿಯ ಕಡೆಯಿಂದ ಬಂದುದು. ಇನ್ನೊಂದು ವಚನತತ್ತ್ವದ ಕಡೆಯಿಂದ ಬಂದುದು. ಅಂದು ನಾನು ಕೊಟ್ಟ ಉತ್ತರವು ನನಗೇ ತೃಪ್ತಿಕರವಾಗಿರಲಿಲ್ಲ. ಆದುದರಿಂದ ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಎದುರಿಗಿಟ್ಟುಕೊಂಡು ಇಲ್ಲಿ ವಿಚಾರಮಾಡಲು ಯತ್ನಿಸುತ್ತೇನೆ.

ಮೊದಲು ಹಿರಿಯರ ಮಾತು. ಇದಕ್ಕೆ ಆಧಾರವಿಲ್ಲದೆ ಇಲ್ಲ. ಶ್ರೀರುದ್ರವು ಪರಶಿವನನ್ನು ಮೇಘದಲ್ಲಿಯೂ ಮಿಂಚಿನಲ್ಲಿಯೂ ಕಂಡು ನಮಿಸುತ್ತದೆ. ಹಿಮಾಚಲದ ಕುಲ್ಲೂ ಕಣಿವೆಯ ಬೆಟ್ಟದ ಮೇಲೆ ಬಿಜಲಿ ಮಹಾದೇವನೆಂಬ ಕ್ಷೇತ್ರವಿದೆ. ಅಲ್ಲಿ ಸಿಡಿಲೆರಗಿ ಲಿಂಗವು ಒಡೆಯುತ್ತದೆಂದೂ, ಅರ್ಚಕರು ಆ ತುಂಡುಗಳನ್ನು ಬೆಣ್ಣೆಯಿಂದ ಕೂಡಿಸುತ್ತಾರೆಂದೂ ಆ ನಾಡಿನವರ ನಂಬುಗೆ. ನಮ್ಮಲ್ಲಿಯೂ ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳದ ಅಜ್ಜಿಯರಿಲ್ಲ. ಸಿಡಿಲನ್ನು ದೈವದೊಡನೆ ಜೋಡಿಸಿ ನೋಡುವುದು ನಮ್ಮ ಜನರ ರಕ್ತಗತವಾದ ಅಭ್ಯಾಸ.

ಆದರೆ ಇದೇ ಪ್ರಶ್ನೆಯನ್ನು ಅನ್ಯಮತೀಯರೂ ಎದುರಿಸಿದ್ದಾರೆ. ಅವರು ತೆತ್ತ ಬೆಲೆಯನ್ನು ತಿಳಿದರೆ ನಮಗೆ ಆ ಬೆಲೆ ತೆರುವ ಕಾರಣವಿರದು. ಯೂರೋಪಿನ ಊರುಗಳಲ್ಲಿ ಎತ್ತರವಾದುದೆಂದರೆ ಇಗರ್ಜಿಯ ಗೋಪುರ. ಗುಡುಗುಮಳೆಯಲ್ಲಿ ಅಲ್ಲಿಯ ಗಂಟೆಯನ್ನು ಬಾರಿಸಿದರೆ ಸಿಡಿಲು ಓಡುವುದೆಂದು ಶತಮಾನಗಳ ಕಾಲ ಜನರು ನಂಬಿದ್ದರು. ಫಲವೇನಾಯಿತು? ೧೭೮೪ರಲ್ಲಿ ಮ್ಯೂನಿಕ್ ನಗರದಲ್ಲಿ ಪ್ರಕಟವಾದ ಪುಸ್ತಕವೊಂದರ ಲೆಕ್ಕದಂತೆ, ಮೂವತ್ತಮೂರು ವರ್ಷಗಳಲ್ಲಿ ೩೮೬ ಗೋಪುರಗಳಿಗೆ ಸಿಡಿಲು ಬಡಿದು, ಗಂಟೆಯ ಹಗ್ಗ ಹಿಡಿದಿದ್ದ ೧೦೩ ಮಂದಿ ಸತ್ತರು. ಅವರಲ್ಲಿ ಭಕ್ತಿಗೆ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಕೊರತೆಯಿದ್ದುದು ಅರಿವಿಗೆ. ತೋಯ್ದ ಹಗ್ಗವು ಗೋಪುರದ ತುದಿಗೂ ಬಡವನ ಕೈಗೂ ನಡುವೆ ಸಿಡಿಲಿಗೆ ದಾರಿಯಾಗಿತ್ತು.

ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ಮಿಂಚೂ ವಿದ್ಯುತ್ತೂ ಒಂದೇ ಎಂದು ಊಹಿಸಿದನು. ೧೭೫೨ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಅವನ ಸೂಚನೆಯಂತೆ ನಡೆದ ಪ್ರಯೋಗದಿಂದ ಅದು ಸ್ಥಿರಪಟ್ಟಿತು. ಅಂದಿನಿಂದ ಕಟ್ಟಡಗಳ ನೆತ್ತಿಯ ಮೇಲೆ ಲೋಹದ ಸಲಾಕೆಯನ್ನು ನಿಲ್ಲಿಸಿ ಅದನ್ನು ಭೂಮಿಗೆ ಸೇರಿಸುವ ಪದ್ಧತಿಯು ಬಂದಿತು. ಆದರೆ ೧೭೫೫ರಲ್ಲಿ ಬಾಸ್ಟನ್ ನಗರದಲ್ಲಿ ಭೂಕಂಪವಾದಾಗ ಅಲ್ಲಿಯ ಧರ್ಮಬೋಧಕನಾದ ಥಾಮಸ್ ಪ್ರಿನ್ಸ್ ಎಂಬವನು, ಆಕಾಶದ ವಿದ್ಯುತ್ತನ್ನು ಸಲಾಕೆಗಳ ಮೂಲಕ ಭೂಮಿಗಿಳಿಸಿದ್ದೇ ಅದಕ್ಕೆ ಕಾರಣವಿರಬಹುದೆಂದು ಶಂಕಿಸಿದನು. ದೇವರ ಕೈಯಿಂದ ತಪ್ಪಿಸಿಕೊಳ್ಳಲು ಮನುಷ್ಯನಿಗೆ ಸಾಧ್ಯವಿಲ್ಲವೆಂಬುದು ಅವನ ಇಂಗಿತ. ನಮ್ಮ ಹಿರಿಯರ ಮಾತಿಗೂ ಇದಕ್ಕೂ ಎಷ್ಟು ಹತ್ತಿರ!

ಇನ್ನು ವೆನಿಸ್ ನಗರದ ಸಂತ ಮಾರ್ಕನ ಗಂಟೆಗೋಪುರದ ಕಥೆಯನ್ನು ನೋಡಬಹುದು. ಸುಮಾರು ನೂರು ಮೀಟರು ಎತ್ತರದ ಆ ಗೋಪುರಕ್ಕೆ ಹದಿನಾಲ್ಕನೆಯ ಶತಮಾನದಿಂದ ಹಿಡಿದು ಮತ್ತೆ ಮತ್ತೆ ಸಿಡಿಲು ಬಡಿಯುತ್ತಲೇ ಇದ್ದಿತು. ೧೪೮೯ರಲ್ಲಿ ಅದರ ಮರದ ಶಿಖರವು ಉರಿದುಹೋಯಿತು. ೧೭೪೫ರಲ್ಲಿ ಬಡಿದ ಸಿಡಿಲಿಗೆ ಗೋಪುರವು ಬಿರಿದು, ಕೆಳಗಿನ ಚೌಕದಲ್ಲಿದ್ದ ಕೆಲವರು ಕಲ್ಲು ಬಿದ್ದು ಸತ್ತರು. ೧೭೭೬ರಲ್ಲಿ ಅದಕ್ಕೆ ಮಿಂಚುವಾಹಕವನ್ನಿಟ್ಟರು. ಅನೇಕ ಶತಮಾನಗಳ ಪೂಜೆ ಮತ್ತು ಗಂಟಾನಾದಗಳಿಂದ ಆಗದಿದ್ದುದು ಒಂದು ಲೋಹದ ಕಂಬಿಯಿಂದ ಆಯಿತು. ಹೀಗೆಂದರೆ ಪೂಜೆಯು ವ್ಯರ್ಥವೆಂದಲ್ಲ; ಪೂಜೆಯ ಕೆಲಸ ಬೇರೆ, ಕಂಬಿಯ ಕೆಲಸ ಬೇರೆ ಎಂದಷ್ಟೆ.

ನಮ್ಮ ದೇಶದ ಕಲ್ಲಿನ ಗೋಪುರಗಳೂ ಇದಕ್ಕೆ ಹೊರತಲ್ಲ. ದಿಲ್ಲಿಯ ಕುತುಬ್ ಮಿನಾರಿನ ತುದಿಯ ಅಂತಸ್ತು ೧೩೬೮ರಲ್ಲಿ ಸಿಡಿಲಿನಿಂದ ಕೆಡಲಾಗಿ ಫಿರೋಜ್ ಷಾಹ ತುಘಲಕನು ಅದನ್ನು ಕಟ್ಟಿಸಿದನು. ೨೦೨೧ರ ಜುಲೈ ೧೩ರಂದು ದ್ವಾರಕೆಯ ದ್ವಾರಕಾಧೀಶ ದೇವಾಲಯದ ಶಿಖರಕ್ಕೆ ಸಿಡಿಲೆರಗಿ ಧ್ವಜವು ಹರಿಯಿತು, ಜನರಿಗೆ ಹಾನಿಯಾಗಲಿಲ್ಲ. ಅದಕ್ಕೆ ಎರಡು ದಿನ ಮುಂಚೆ ಜಯಪುರದ ಆಮೇರ್ ಕೋಟೆಯ ಬಳಿಯ ಕಾವಲುಗೋಪುರದ ಮೇಲೆ ಮಳೆಯನ್ನು ನೋಡುತ್ತ, ಚಿತ್ರ ತೆಗೆದುಕೊಳ್ಳುತ್ತ ನಿಂತಿದ್ದವರಲ್ಲಿ ಹನ್ನೊಂದು ಮಂದಿ ಸಿಡಿಲಿಗೆ ಬಲಿಯಾದರು. ಈ ಸುದ್ದಿಯನ್ನು ನೆನೆದಾಗಲೆಲ್ಲ ಮುಖಮಂಟಪದಲ್ಲಿ ನಿಂತಿದ್ದ ನಮ್ಮ ಮಕ್ಕಳು ನನ್ನ ಕಣ್ಣಮುಂದೆ ಬರುತ್ತಾರೆ.

ಈಗ ಮಿಂಚುವಾಹಕವೆಂದರೇನು ಎಂಬುದನ್ನು ತಿಳಿಯಬೇಕು. ಇದನ್ನು ಅನೇಕರು ಸಿಡಿಲು ನಿರೋಧಕವೆಂದು ಕರೆಯುತ್ತಾರೆ. ಆ ಹೆಸರಿನಿಂದಲೇ ಅರ್ಧ ಗೊಂದಲ ಹುಟ್ಟಿದೆ. ಅದು ಸಿಡಿಲನ್ನು ನಿರೋಧಿಸುವುದಿಲ್ಲ, ಆಕಾಶದೊಡನೆ ಜಗಳವಾಡುವುದಿಲ್ಲ, ಮೋಡವನ್ನು ಹೆದರಿಸುವುದಿಲ್ಲ. ಬರುವ ಸಿಡಿಲಿಗೆ ದಾರಿ ಬಿಡುತ್ತದೆ, ಅಷ್ಟೆ. ಸಿಡಿಲಿನಲ್ಲಿ ಸಾಮಾನ್ಯವಾಗಿ ಮೂವತ್ತು ಸಾವಿರ ಆಂಪಿಯರುಗಳಷ್ಟು ವಿದ್ಯುತ್ತು ಹರಿಯುತ್ತದೆ. ಅದು ಹಾಯ್ದ ಗಾಳಿಯು ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿಯಾಗುತ್ತದೆ. ಇಷ್ಟು ದೊಡ್ಡ ಪ್ರವಾಹವು ಕಲ್ಲಿನ ಶಿಖರದ ಮೇಲೆರಗಿದಾಗ ದಾರಿ ಸಿಗದೆ, ಕಲ್ಲಿನ ಸಂದುಗಳಲ್ಲಿರುವ ತೇವದಲ್ಲಿ ನುಗ್ಗುತ್ತದೆ. ಆ ತೇವವು ಒಮ್ಮೆಲೇ ಆವಿಯಾಗಿ ಉಬ್ಬಿ ಕಲ್ಲನ್ನು ಸಿಡಿಸುತ್ತದೆ. ಅದೇ ಪ್ರವಾಹಕ್ಕೆ ತುದಿಯಿಂದ ಭೂಮಿಯವರೆಗೆ ಎಲ್ಲಿಯೂ ತುಂಡಾಗದ ಲೋಹದ ಹಾದಿ ದೊರೆತರೆ, ಕಲ್ಲನ್ನು ಮುಟ್ಟದೆ ಮಣ್ಣಿಗಿಳಿದು ಶಾಂತವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಶಿಖರದ ಮೇಲಿನ ಲೋಹದ ಕಲಶವೂ ಅದರೊಳಗಿನ ಧಾನ್ಯವೂ ನಮ್ಮ ಪೂರ್ವಿಕರು ಇಟ್ಟ ಮಿಂಚುವಾಹಕವೇ ಎಂದು ಈಚೆಗೆ ಬಹಳ ಪ್ರಚಾರವಾಗಿದೆ. ಪೂರ್ವಿಕರಲ್ಲಿ ನನಗಿರುವ ಗೌರವವು ಕಡಿಮೆಯದಲ್ಲ. ಆದರೂ ಇದು ನಿಜವಲ್ಲ. ಭೂಮಿಗೆ ಲೋಹದ ಸಂಬಂಧವಿಲ್ಲದ ಕಲಶವು ಸಿಡಿಲು ಕಲ್ಲಿನೊಳಗೆ ಹೊಗುವ ಬಾಗಿಲಾಗುತ್ತದೆಯೇ ಹೊರತು ರಕ್ಷಣೆಯಾಗುವುದಿಲ್ಲ. ಹಿರಿಯರು ಮಾಡದಿದ್ದುದನ್ನು ಅವರ ತಲೆಗೆ ಕಟ್ಟಿ ಹೊಗಳುವುದು ಭಕ್ತಿಯಲ್ಲ, ಸುಳ್ಳು. ಆ ಸುಳ್ಳನ್ನು ನಂಬಿ ಕೈಕಟ್ಟಿ ಕುಳಿತರೆ ಅವರು ಕಡೆದ ಕಲ್ಲೇ ಸಿಡಿದುಹೋಗುತ್ತದೆ.

ಇನ್ನು ಸಿದ್ಧಾಂತ. ಸಿಡಿಲಿನಲ್ಲಿ ಶಿವನನ್ನು ಕಂಡು ನಮಿಸುವ ಶ್ರೀರುದ್ರವೇ, ನಮ್ಮ ಹಿರಿಯರಿಗೂ ಕಿರಿಯರಿಗೂ ಮಕ್ಕಳಿಗೂ ದನಕರುಗಳಿಗೂ ಕೇಡು ಮಾಡಬೇಡವೆಂದು ಅದೇ ಶಿವನನ್ನು ಬೇಡುತ್ತದೆ. ನಮಿಸುವುದು ಭಕ್ತಿಯಾದರೆ ರಕ್ಷಣೆಯನ್ನು ಬೇಡುವುದೂ ಭಕ್ತಿಯೇ. ಬಾಯಿಂದ ಬೇಡಬಹುದಾದುದನ್ನು ಕೈಯಿಂದ ಮಾಡಿದರೆ ಅದು ಅಪನಂಬಿಕೆಯಾಗುವುದು ಹೇಗೆ? ಮಳೆಯೂ ಶಿವನದೇ, ಆದರೂ ಗುಡಿಯ ಮಾಳಿಗೆ ಸೋರಿದರೆ ಗಾರೆ ಹಾಕಿಸುತ್ತೇವೆ. ಬೆಂಕಿಯೂ ಶಿವನದೇ, ಆದರೂ ದೀಪವನ್ನು ಪರದೆಯಿಂದ ದೂರವಿಡುತ್ತೇವೆ. ಸಿಡಿಲೊಂದರಲ್ಲಿ ಮಾತ್ರ ಶಿವನ ಇಚ್ಛೆಯನ್ನು ಕಂಡು ಉಳಿದವುಗಳಲ್ಲಿ ಕಾಣದಿದ್ದರೆ ಅದು ಭಕ್ತಿಯಲ್ಲ. ಹೆಚ್ಚು ಸದ್ದು ಮಾಡುವುದಕ್ಕೆ ಹೆಚ್ಚು ಹೆದರುವ ಸ್ವಭಾವ. ಬಿಜಲಿ ಮಹಾದೇವನ ಐತಿಹ್ಯದ ಹೃದಯವೂ ಇದೇ. ಜನರ ಮೇಲೆ ಬೀಳಬೇಕಾದ ಹೊಡೆತವನ್ನು ಶಿವನು ತಾನೇ ಹೊತ್ತುಕೊಳ್ಳುತ್ತಾನೆಂದು ಆ ಜನರು ನಂಬುತ್ತಾರೆ. ಅಂಥ ದಯಾಮಯನ ಗುಡಿಯಲ್ಲಿ ಮಕ್ಕಳನ್ನು ಸಿಡಿಲಿಗೆ ಒಡ್ಡಿ, ಅದನ್ನು ನಂಬಿಗೆಯೆಂದು ಕರೆಯಲಾದೀತೆ?

ಈ ಸಂದರ್ಭದಲ್ಲಿಯೇ ಇನ್ನೊಂದು ಮಾತನ್ನು ಹೇಳಬೇಕು. ಸಿಡಿಲನ್ನು ದೇವರ ದಂಡವೆಂದು ತಿಳಿದವನು ಬೇಗನೆ ನ್ಯಾಯಾಧೀಶನಾಗುತ್ತಾನೆ. ೧೯೮೪ರ ಜುಲೈ ೯ರಂದು ಇಂಗ್ಲೆಂಡಿನ ಯಾರ್ಕ್ ನಗರದ ಮಹಾದೇವಾಲಯದ ದಕ್ಷಿಣ ಭಾಗದ ಛಾವಣಿಯು ಉರಿದುಹೋಯಿತು. ಅದಕ್ಕೆ ಸಿಡಿಲೇ ಕಾರಣವಿರಬೇಕೆಂದು ತನಿಖೆ ಮಾಡಿದವರ ಅಭಿಪ್ರಾಯ. ಮೂರು ದಿನಗಳ ಮುಂಚೆ ಅಲ್ಲಿ ಡೇವಿಡ್ ಜೆಂಕಿನ್ಸ್ ಎಂಬವರಿಗೆ ಧರ್ಮಾಧ್ಯಕ್ಷಪದವಿಯ ದೀಕ್ಷೆಯಾಗಿತ್ತು. ಅವರ ವಿಚಾರಗಳು ಸಂಪ್ರದಾಯಸ್ಥರಿಗೆ ಹಿಡಿಸಿರಲಿಲ್ಲ. ಇದು ದೇವರ ಕೋಪವೆಂದು ಕೆಲವರು ಕೂಡಲೇ ತೀರ್ಪು ಕೊಟ್ಟರು. ಆದರೆ ಕೆಲಸಬಲ್ಲವರು ತೀರ್ಪಿಗಾಗಿ ಕಾಯದೆ, ಬೆಂಕಿಯ ತಾಪದಿಂದ ಸುಮಾರು ನಲವತ್ತು ಸಾವಿರ ಕಡೆ ಬಿರುಕುಬಿಟ್ಟ ಅಲ್ಲಿಯ ಹಳೆಯ ಬಣ್ಣದ ಗಾಜಿನ ವೃತ್ತಗವಾಕ್ಷವನ್ನು ತಾಳ್ಮೆಯಿಂದ ಕೂಡಿಸಿದರು. ೧೯೮೮ರ ಹೊತ್ತಿಗೆ ಆ ಭಾಗದ ಜೀರ್ಣೋದ್ಧಾರವು ಪೂರ್ಣವಾಯಿತು. ನಮ್ಮ ಹಳ್ಳಿಗಳಲ್ಲಿಯೂ ಹೊಲದಲ್ಲಿ ಸಿಡಿಲು ಬಡಿದು ಸತ್ತ ರೈತನ ಮನೆಯ ಮುಂದೆ ನಿಂತು, ಏನು ಪಾಪ ಮಾಡಿದ್ದನೋ ಎನ್ನುವವರನ್ನು ನಾನು ಕಂಡಿದ್ದೇನೆ. ದಯೆಯಿಲ್ಲದುದನ್ನು ಅಣ್ಣನವರು ಧರ್ಮವೆಂದೇ ಎಣಿಸಲಿಲ್ಲ. ಸತ್ತವನ ಮಕ್ಕಳಿಗೆ ಅನ್ನ ಹಾಕದೆ ಅವನ ಪಾಪವನ್ನು ಎಣಿಸುವವನು ಯಾವ ಧರ್ಮದವನು? ಬಯಲಿನಲ್ಲಿ ಎತ್ತರವಾಗಿದ್ದುದಕ್ಕೆ ಸಿಡಿಲು ಬಡಿಯುವುದು ಸಹಜ. ಅದು ಪಾಪಿಯ ಮನೆಯನ್ನೂ ಶರಣನ ಮನೆಯನ್ನೂ ಬೇರೆಮಾಡಿ ನೋಡುವುದಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಸೂಕ್ಷ್ಮವಾದುದು. ಸ್ಥಾವರವು ಅಳಿಯುವುದೆಂಬುದು ನಮ್ಮ ಧರ್ಮದ ಮುಖ್ಯೋಪದೇಶಗಳಲ್ಲಿ ಒಂದು. ಅಂಗದ ಮೇಲೆ ಲಿಂಗವನ್ನು ಧರಿಸಿ ದೇಹವನ್ನೇ ದೇಗುಲವಾಗಿಸಿಕೊಂಡವರಿಗೆ ಕಲ್ಲಿನ ಗುಡಿಯು ಅನಿವಾರ್ಯವಲ್ಲ. ಹಾಗಾದರೆ ಅದನ್ನು ಕಾಯುವುದೇಕೆ?

ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವು ಇಲ್ಲಿ ನಮಗೆ ಬೆಳಕು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬರುತ್ತಾರೆ. ಗುಡಿ ಕಟ್ಟಿಸಿ ಕೆರೆ ಅಗೆಸುತ್ತಿದ್ದ ಸಿದ್ಧರಾಮರನ್ನು ಒಡ್ಡನೆಂದು ಕರೆದು ಕೆಣಕುತ್ತಾರೆ. ಕೆಲಸದವರು ಸಿಟ್ಟಿನಿಂದ ಕಲ್ಲೆಸೆಯುತ್ತಾರೆ. ಕೊನೆಗೆ ಸಿದ್ಧರಾಮರು ಪ್ರಭುಗಳ ಅರಿವಿಗೆ ಶರಣಾಗಿ ಕಲ್ಯಾಣಕ್ಕೆ ಹೋಗುತ್ತಾರೆ. ಪ್ರಭುಗಳು ಒಡೆದುದು ಯಾವುದನ್ನು? ಕೆರೆಯ ಏರಿಯನ್ನು ಒಡೆಯಲಿಲ್ಲ. ಗುಡಿಯ ಗೋಡೆಯನ್ನು ಕೆಡವಲಿಲ್ಲ. ನಾನು ಮಾಡಿದೆನೆಂಬ ಭಾವವನ್ನು ಒಡೆದರು. ಆ ಕೆರೆಯು ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ದೇವಾಲಯವನ್ನು ಬಳಸಿ ನಿಂತಿದೆ.

ಕೂಡಲಸಂಗಮವನ್ನು ಕಂಡವರಿಗೆ ಇನ್ನೊಂದು ನಿದರ್ಶನವು ನೆನಪಾಗಬೇಕು. ನಾರಾಯಣಪುರದ ಬಳಿ ಕೃಷ್ಣೆಗೆ ಅಣೆಕಟ್ಟಾದ ಮೇಲೆ ಅದರ ಹಿನ್ನೀರು ಸಂಗಮದವರೆಗೆ ಏರುವುದಾಯಿತು. ಬಸವಣ್ಣನವರ ಐಕ್ಯಮಂಟಪವು ನೀರಿನ ಪಾಲಾಗದಂತೆ ಸುತ್ತಲೂ ಎತ್ತರವಾದ ಗೋಡೆಯನ್ನು ಬಾವಿಯಂತೆ ಕಟ್ಟಿದರು. ಇಂದು ನಾವು ಮೆಟ್ಟಿಲುಗಳನ್ನಿಳಿದು ಐಕ್ಯಲಿಂಗದ ದರ್ಶನವನ್ನು ಮಾಡುತ್ತೇವೆ. ಸ್ಥಾವರದ ಅಳಿವನ್ನು ಬೋಧಿಸಿದ ಗುರುವಿನ ನೆಲೆಯನ್ನೇ ನೀರಿನಿಂದ ಕಾದವರು ಅವನ ಉಪದೇಶಕ್ಕೆ ತಪ್ಪಿದರೆ? ಇಲ್ಲ. ಅಲ್ಲಿಗೆ ಬರುವ ಜಂಗಮಕ್ಕಾಗಿ, ಮುಂದೆ ಬರುವ ಮಕ್ಕಳಿಗಾಗಿ ಅದನ್ನು ಕಾದರು. ಸ್ಥಾವರವು ಅಳಿಯುವುದೆಂದು ಅರಿಯುವುದು ಒಂದು. ನಮ್ಮ ಉದಾಸೀನದಿಂದ ಅದನ್ನು ಅಳಿಸುವುದು ಇನ್ನೊಂದು. ದೇಹವೂ ಅಳಿಯುವುದೇ, ಹಾಗೆಂದು ಜ್ವರ ಬಂದಾಗ ಔಷಧ ಕುಡಿಯದಿರುವವರುಂಟೆ?

ಆದುದರಿಂದ ಹಳೆಯ ಗುಡಿಯನ್ನು ಕಾಯುವುದು ಕಲ್ಲಿನ ವ್ಯಾಮೋಹದಿಂದಲ್ಲ. ಒಂದನೆಯದು, ಅದರ ನೆರಳಿನಲ್ಲಿ ನಿಲ್ಲುವವರ ಜೀವ. ಎರಡನೆಯದು, ಹೆಸರನ್ನೂ ಬಿಡದೆ ಕಲ್ಲು ಕಡೆದು ಹೋದವರ ಕಾಯಕ. ಮೂರನೆಯದು, ಅದು ನಮಗೆ ಬಂದ ಒಡವೆಯಲ್ಲ, ನ್ಯಾಸ. ಇಟ್ಟುಕೊಂಡು ಮುಂದಿನವರಿಗೆ ಒಪ್ಪಿಸತಕ್ಕದ್ದು.

ಕಾಯುವ ಕ್ರಮದಲ್ಲಿಯೂ ವಿವೇಕ ಬೇಕು. ಕೇಂದ್ರದ ೧೯೫೮ರ ಅಥವಾ ನಮ್ಮ ರಾಜ್ಯದ ೧೯೬೧ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತವೆಂದು ಸಾರಿದ ಗುಡಿಯಾದರೆ, ಇಲಾಖೆಯ ಅಪ್ಪಣೆಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯಕೂಡದು. ಅಲ್ಲದ ಗುಡಿಗಳಲ್ಲಿಯೂ ಶಿಲ್ಪಕ್ಕೆ ರಂಧ್ರ ಕೊರೆಯಬಾರದು. ಕಲ್ಲುಗಳ ಸಂದಿನಲ್ಲಿ ಸುಣ್ಣದ ಗಾರೆಯಿಂದ ಹಿಡಿಕೆಗಳನ್ನು ಕೂಡಿಸಬೇಕು. ಕಬ್ಬಿಣದ ಹಿಡಿಕೆಗಳು ಬೇಡ. ಅವು ತುಕ್ಕು ಹಿಡಿದು ಉಬ್ಬಿ, ಸಿಡಿಲು ಒಮ್ಮೆಗೆ ಮಾಡುವುದನ್ನು ಇಪ್ಪತ್ತು ವರ್ಷಗಳಲ್ಲಿ ಮಾಡುತ್ತವೆ. ತಾಮ್ರದ ಪಟ್ಟಿಗಳು ಎರಡಾದರೂ ಇರಬೇಕು; ಚೂಪಾದ ತಿರುವುಗಳಿಲ್ಲದೆ, ಆದಷ್ಟು ನೇರವಾಗಿ, ಜನರು ಒರಗಿ ನಿಲ್ಲದ ಕಡೆಯಲ್ಲಿ ಇಳಿಯಬೇಕು. ಕಲಶ, ಧ್ವಜಸ್ತಂಭದ ಲೋಹದ ತಗಡು, ಕಬ್ಬಿಣದ ಕಟಕಟೆ ಇವೆಲ್ಲವನ್ನೂ ಅದಕ್ಕೆ ಜೋಡಿಸಬೇಕು. ಇಲ್ಲವಾದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತದೆ. ನೆಲದಲ್ಲಿ ಹೂಳುವ ಭೂಸಂಪರ್ಕದ ನಿರೋಧವು ಹತ್ತು ಓಮುಗಳನ್ನು ಮೀರದಂತೆ ನೋಡಿಕೊಳ್ಳಬೇಕು. ಪ್ರತಿವರ್ಷ ಮುಂಗಾರಿಗೆ ಮುಂಚೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ನಡುವೆ ತುಂಡಾದ ವಾಹಕವು ವಾಹಕವಿಲ್ಲದುದಕ್ಕಿಂತ ಅಪಾಯಕರ; ತಾಮ್ರವನ್ನು ಕಳ್ಳರು ಕತ್ತರಿಸಿ ಒಯ್ಯುವುದೂ ಉಂಟು.

ವಾಹಕವಿದ್ದ ಮಾತ್ರಕ್ಕೆ ಎಲ್ಲವೂ ಆಯಿತೆಂದು ಮರೆಯಲೂಬಾರದು. ವೆನಿಸ್ಸಿನ ಆ ಗೋಪುರವು ಸಿಡಿಲಿನ ಭಯವನ್ನು ದಾಟಿಯೂ, ಒಳಗಿನ ಬಿರುಕುಗಳನ್ನು ಅಲಕ್ಷಿಸಿದ್ದರಿಂದ ೧೯೦೨ರ ಜುಲೈ ೧೪ರಂದು ತಾನಾಗಿ ಕುಸಿದುಬಿದ್ದಿತು. ಇದ್ದಲ್ಲಿಯೇ ಇದ್ದಂತೆಯೇ ಅದನ್ನು ಮತ್ತೆ ಕಟ್ಟಿ ಮುಗಿಸಿದುದು ೧೯೧೨ರಲ್ಲಿ. ಗುಡಿಯ ಶಿಖರದಲ್ಲಿ ಅರಳಿಯ ಸಸಿ ಬೇರುಬಿಡುತ್ತಿರುವಾಗ ಕಂಬಿಯೊಂದನ್ನು ನಂಬಿ ಕುಳಿತರೆ ನಮ್ಮದೂ ಅದೇ ಕಥೆ. ಇನ್ನು ಮಕ್ಕಳಿಗೆ ನಾನೀಗ ಪಾಠದೊಡನೆ ಹೇಳುವುದಿಷ್ಟು: ಗುಡುಗು ಕೇಳಿದೊಡನೆ ಮರದಡಿಗೂ ತೆರೆದ ಮಂಟಪಕ್ಕೂ ಹೋಗದೆ ಗಟ್ಟಿಯಾದ ಮನೆಯೊಳಗೆ ಸೇರಿರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬೇಡಿರಿ.

ಕಡೆಯದಾಗಿ ಹಣದ ಮಾತು. ನಮ್ಮ ಗುಡಿಗೆ ಹೊಸ ಕಲಶವನ್ನು ಮಾಡಿಸುತ್ತೇವೆಂದು ಆ ಸಭೆಯಲ್ಲಿಯೇ ನಾಲ್ವರು ಮುಂದೆ ಬಂದರು. ಕಲಶದ ಮೇಲೆ ಹೆಸರು ಕೆತ್ತಿಸಬಹುದು; ಅದು ಊರಿಗೆಲ್ಲ ಕಾಣುತ್ತದೆ. ಮಣ್ಣಿನಲ್ಲಿ ಹೂಳುವ ತಾಮ್ರದ ಪಟ್ಟಿಗೆ ಒಬ್ಬರೂ ಏಳಲಿಲ್ಲ. ಅದರ ಮೇಲೆ ಹೆಸರು ಕೆತ್ತಿಸಿದರೂ ಓದುವವರಿಲ್ಲ. ಆದರೆ ಸಿಡಿಲು ಬಂದ ದಿನ ಕಲಶವನ್ನೂ ಶಿಖರವನ್ನೂ ಕೆಳಗೆ ನಿಂತವರನ್ನೂ ಉಳಿಸುವುದು ಆ ಕಾಣದ ಪಟ್ಟಿಯೇ. ಮಾಡಿದೆನೆಂಬುದು ಮನದಲ್ಲಿ ಸುಳಿಯದಂತೆ ಮಾಡುವುದೇ ದಾಸೋಹವೆಂದು ನಾವು ಓದುತ್ತೇವೆ, ಓದಿಸುತ್ತೇವೆ. ಅದನ್ನು ಆಚರಿಸಲು ಇದಕ್ಕಿಂತ ಒಳ್ಳೆಯ ಅವಕಾಶವು ಎಲ್ಲಿ ದೊರೆತೀತು?

ಕೆಲವು ದಿನಗಳಾದ ಮೇಲೆ ಅದೇ ಹಿರಿಯರು ಕೋಲೂರಿಕೊಂಡು ನನ್ನಲ್ಲಿಗೆ ಬಂದರು. ಈ ವಿಚಾರಗಳನ್ನೆಲ್ಲ ಅವರಿಗೆ ನಿವೇದಿಸಿದೆನು. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ಕಂಬಿ ಹಾಕಿಸಿರಿ, ಗುರುಗಳೆ. ನನ್ನ ಮೊಮ್ಮಗನೂ ಅಂದು ಆ ಮಂಟಪದಲ್ಲಿದ್ದ. ಆದರೆ ಹಾಕಿಸಿದ ಮೇಲೆ ಗುಡಿಯನ್ನು ನಾವೇ ಕಾದೆವೆಂದು ಯಾರೂ ಅನ್ನಬಾರದು.” ಆ ಕೆಲಸಕ್ಕೆಂದು ತಮ್ಮ ಪಾಲಿನದನ್ನು ಕೊಟ್ಟರು, ಪಾವತಿಯಲ್ಲಿ ಹೆಸರು ಬರೆಯಬೇಡವೆಂದರು. ನನ್ನ ದೀರ್ಘವಾದ ಸಿದ್ಧಾಂತಕ್ಕಿಂತ ಅವರ ಈ ಎರಡು ಮಾತುಗಳಲ್ಲಿ ವಚನಧರ್ಮವು ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ತಮ್ಮ ತಮ್ಮ ಊರಿನ ಹಳೆಯ ಗುಡಿ, ಮಠ, ಪಾಠಶಾಲೆಗಳ ನೆತ್ತಿಯ ಕಡೆಗೂ ಬುಡದ ಕಡೆಗೂ ಮುಂಗಾರಿಗೆ ಮುಂಚೆ ಒಮ್ಮೆ ದೃಷ್ಟಿಹಾಯಿಸಬೇಕೆಂದು ಶರಣಬಂಧುಗಳಲ್ಲಿ ನನ್ನ ಬಿನ್ನಹ.